ಹೋಳಿ ಕಟ್ಟಿಗೆಗೆ ಬಂದವರು

ಪುಣೆಯ ಕೋಥರೂಡದಲ್ಲಿ ಆಗಿನ್ನೂ ಹೌಸಿಂಗ್ ಸೊಸೈಟಿಗಳು ಏಳುತ್ತಿದ್ದವು. ಅಪ್ಪ, ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಬಯಲಿನಂಚಿಗೆ ನಮ್ಮ ತಗಡಿನ ಗುಡಿಸಲು. ಊರು ಬಿಟ್ಟು ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಅಪ್ಪ, "ಮಳಿ ಇಲ್ರೀ" ಅನ್ನುತ್ತಿದ್ದ. ಶುದ್ಧ ಸುಳ್ಳು. ಕಲಬುರ್ಗಿ ಕಡೆಯ ನಮ್ಮೂರಲ್ಲಿ, ಗೌಡರ ಮನೆಯ ಜೀತ ಬಿಡುತ್ತೇನೆ ಎಂದು ಅಪ್ಪ ಅಂದದ್ದಕ್ಕೆ ನಮ್ಮ ಮನೆಗೆ ಬೆಂಕಿ ಇಟ್ಟಿದ್ದರು. ನಾವು ಹಿಂದಿನ ತಟ್ಟಿಗೋಡೆ ಕಿತ್ತು ಓಡಿದೆವು. ಅಪ್ಪನ ತಾಯಿ, ನನ್ನ ಆಯಿ, ಒಳಗೇ ಸುಟ್ಟುಹೋದಳು.

ಪುಣೆಗೆ ಬಂದ ಮೇಲೂ ಅಪ್ಪ ಎರಡು ಸಲ ಜಾಗ ಬದಲಿಸಿದ. ಯಾರೋ ದಿಟ್ಟಿಸಿ ನೋಡಿದರೆ ಸಾಕು, ಗಂಟು ಕಟ್ಟುತ್ತಿದ್ದ. ಕೋಥರೂಡಕ್ಕೆ ಬಂದಾಗ ಅವ್ವ ಖಡಾಖಂಡಿತ ಹೇಳಿಬಿಟ್ಟಳು: "ಇನ್ನ ನಾ ಎಲ್ಲಿಗೂ ಬರಂಗಿಲ್ಲ. ಹುಡುಗಿ ಸಾಲಿಗೆ ಹೊಂಟಾಳ. ಸತ್ತರ ಇಲ್ಲೇ ಸಾಯ್ತೀನಿ." ಆ ಹುಡುಗಿ ನಾನು. ಮರಾಠಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ.

ಹೋಳಿಗೆ ಕಟ್ಟಿಗೆ ಕದ್ದೇ ತರಬೇಕು. ಅಲ್ಲೂ ಹಾಗೇ, ಇಲ್ಲೂ ಹಾಗೇ. ಕಳಕೊಂಡವರು ಬೈಯಬೇಕು, ಕದ್ದವರು ನಗಬೇಕು. ಹರೆಯದಲ್ಲಿ ಯಾರದೋ ಮನೆಯ ಬಾಗಿಲನ್ನೇ ಕಿತ್ತು ಹೋಳಿಗೆ ಹಾಕಿದ್ದನ್ನು ಅಪ್ಪನೇ ನಮಗೆ ನಕ್ಕು ನಕ್ಕು ಹೇಳಿದ್ದ. ಅಂಥವನಿಗೆ ಅವತ್ತು ಸಂಜೆ ಏನಾಯಿತೋ!

ನಾವು ಉಣ್ಣುತ್ತಿದ್ದೆವು. ಓಣಿಯ ಹುಡುಗರು ಹಲಗೆ ಬಾರಿಸುತ್ತ, ಬಾಯಿ ಬಡಿದುಕೊಳ್ಳುತ್ತ ಬಂದರು. ಒಬ್ಬನ ಕೈಯಲ್ಲಿ ದೀವಟಿಗೆ. ಇನ್ನೊಬ್ಬ ನಮ್ಮ ಬಾಗಿಲ ಬದಿಯ ಕಟ್ಟಿಗೆಗೆ ಕೈ ಹಾಕಿದ. ಅಪ್ಪ ಎಂಜಲುಗೈಯಲ್ಲೇ ಗುದ್ದಲಿಯ ಮರದ ಕಾವು ಎತ್ತಿಕೊಂಡು ಹೊರಬಿದ್ದ. ಮೊದಲ ಏಟಿಗೇ ಹುಡುಗನ ತಲೆ ಒಡೆಯಿತು. ಎರಡನೆಯದಕ್ಕೆ ಮೊಣಕೈ ಮುರಿದ ಸಪ್ಪಳ ನನಗೆ ಕೇಳಿಸಿತು. ನೆಲಕ್ಕೆ ಬಿದ್ದವನನ್ನೂ ಅಪ್ಪ ಹೊಡೆಯುತ್ತಲೇ ಇದ್ದ. ಅವ್ವ ಜೋತುಬಿದ್ದು ಅವನ ತೋಳು ಕಚ್ಚಿದ ಮೇಲೆಯೇ ಕಾವು ಕೆಳಗೆ ಬಿತ್ತು. ಹುಡುಗರು ಗೆಳೆಯನನ್ನು ಹೊತ್ತುಕೊಂಡು ಓಡಿದರು.

ಅಪ್ಪ ಒಳಗೆ ಬಂದವನೇ ಸೀರೆ ಹಾಸಿ ಪಾತ್ರೆ ತುಂಬತೊಡಗಿದ. "ನಡೀರಿ, ದೌಂಡ ಟೇಶನ್ನಿಗೆ ಹೋಗಿ ಯಾವ ರೈಲುಗಾಡಿ ಸಿಗತದೋ ಹತ್ತೂಣು."

ಅವ್ವ ಗಂಟನ್ನು ಒದ್ದಳು. "ನೀ ಹೋಗು. ನಾ ಒಲ್ಲೆ!"

ಅಪ್ಪ ಅವಳ ಕೆನ್ನೆಗೆ ಬಾರಿಸಿದ. ಅವಳೂ ತಿರುಗಿ ಬಾರಿಸಿದಳು. ಅವ್ವ ಅಪ್ಪನಿಗೆ ಕೈ ಎತ್ತಿದ್ದನ್ನು ಅದೇ ಮೊದಲು ನೋಡಿದೆ. ಭೇಷ್ ಅವ್ವಾ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಹುಡುಗನ ತಾಯಿ ಜನ ಕಟ್ಟಿಕೊಂಡು ಬಂದಳು. ಮೂಲೆಯಲ್ಲಿ ತರಕಾರಿ ಮಾರುವವಳು, ನಮಗೂ ಗುರುತಿನವಳೇ. ಸೆರಗಿನ ತುಂಬ ಮಗನ ರಕ್ತ. ಗಂಡಸರು ಅಪ್ಪನನ್ನು ಹೊರಗೆಳೆದು ಒದ್ದರು, ಬಡಿಗೆಯಿಂದ ಬಡಿದರು. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. ಕನ್ನಡದಲ್ಲಿ ಒಂದೇ ಸಮನೆ ಕೂಗುತ್ತಿದ್ದ: "ನನ್ನ ಹೊಡೀರಿ, ಗುಡಿಸಲಕ್ಕ ಬೆಂಕಿ ಹಚ್ಚಬ್ಯಾಡ್ರಿ! ಒಳಗ ಹುಡುಗಿ ಅದಾಳ!"

ಅವ್ವ ನನ್ನ ರಟ್ಟೆ ಹಿಡಿದು ಮುಂದಕ್ಕೆ ನೂಕಿದಳು. "ಹೇಳ ಅವರಿಗೆ, ಮರಾಠಿಯೊಳಗ ಹೇಳ!"

ಅಪ್ಪನ ಮಾತನ್ನು ಹಾಗೆ ಹಾಗೇ ಹೇಳಿದೆ. ಬಡಿಗೆಗಳು ನಿಂತವು. ತರಕಾರಿಯವಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. "ಬೆಂಕಿನಾ? ಮಗು ಇರೋ ಮನೆಗಾ? ನಾವೇನು ರಾಕ್ಷಸರಾ?" ಎಂದು ಮರಾಠಿಯಲ್ಲಿ ಚೀರಿ, ಅಳತೊಡಗಿದಳು. ಅತ್ತು ಅತ್ತು, ಮೂಗು ಒರೆಸಿಕೊಂಡು ತೀರ್ಮಾನ ಹೇಳಿದಳು: ಮಗ ಗುಣವಾಗುವ ತನಕ ಅಪ್ಪನೇ ಅವನನ್ನು ದವಾಖಾನೆಗೆ ಹೊತ್ತುಕೊಂಡು ಹೋಗಿ ಬರಬೇಕು. ಊರು ಬಿಟ್ಟು ಓಡಿದರೆ ಹುಡುಕಿ ಕೊಲ್ಲುತ್ತೇನೆ.

ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಅವ್ವ ಒಳಗೆ ಹೋಗಿ ಗಂಟು ಬಿಚ್ಚಿ ಪಾತ್ರೆ ತೆಗೆದಿಡತೊಡಗಿದಳು. ಇಲ್ಲೇ ಇರಬಹುದು ಎಂದು ನಮಗೆ ಯಾರಾದರೂ ಹೇಳಿದ್ದೆಂದರೆ ಅದೇ ಮೊದಲು.

ತರಕಾರಿಯವಳು ಹೋಗುವ ಮುನ್ನ ನನ್ನತ್ತ ತಿರುಗಿದಳು. "ಕೇಳು ನಿಮ್ಮಪ್ಪನನ್ನ. ಯಾವ ಜನ ಹಂಗೆ ಬೆಂಕಿ ಇಡ್ತಾರೆ?"

ಕೇಳಿದೆ. ಅಪ್ಪ ಬಾಯಲ್ಲಿನ ರಕ್ತ ಉಗುಳಿದ.

"ಊರಾಗ ನಮ್ಮ ಓಣಿಯವರೇ. ನನ್ನ ಹೆಸರು ಹಿಡದು ಕರದ್ರು. ಗುರುತಿನ ದನಿ ಅಂತ ನಿಮ್ಮ ಆಯಿ ತಾನಾ ಎದ್ದು ಹೋಗಿ ಬಾಗಿಲಾ ತಗದಳು."

ಅದು ನನಗೂ ಗೊತ್ತಿರಲಿಲ್ಲ. ತರಕಾರಿಯವಳು ಇನ್ನೂ ನನ್ನ ಮುಖ ನೋಡುತ್ತಿದ್ದಳು. ಅಪ್ಪನ ಆ ಮಾತನ್ನು ನಾನು ಅವಳಿಗೆ ಮರಾಠಿಯಲ್ಲಿ ಹೇಳಲಿಲ್ಲ.