ಇಪ್ಪತ್ತಾರಕ್ಕೆ ತಿಂಗಳು ತುಂಬುವುದಿಲ್ಲ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ರೈಲುದಾರಿಯಷ್ಟು ದೂರದ ಬೆರ್ರಿಯೆಸಾದ ಅಪಾರ್ಟ್‌ಮೆಂಟೊಂದರ ಅಡುಗೆಮನೆಯಲ್ಲಿ ಫಂಗ್ ಸೌಲಾನ್ ಅಕ್ಕಿ ಹುರಿಯುತ್ತಿದ್ದಾರೆ. ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ, ಕಬ್ಬಿಣದ ಬಾಣಲೆ, ಸಣ್ಣ ಉರಿ, ಎರಡು ಹಿಡಿ ಅಕ್ಕಿ. ಅದು ಕೆಂಪಗಾಗಿ ಘಮ್ಮೆಂದಾಗ ಶುಂಠಿ, ಒಣಗಿದ ಬೋರೆಹಣ್ಣು ಹಾಕಿ ಕುದಿನೀರು ಸುರಿಯುತ್ತಾರೆ. ಹೊಗೆ ಏಳುತ್ತದೆ. ಕಿಟಕಿ ತೆರೆಯುವಂತಿಲ್ಲ, ಒಳಗಿನ ಕೋಣೆಯಲ್ಲಿ ಬಾಣಂತಿ ಇದ್ದಾಳೆ, ಗಾಳಿ ಸೋಕಬಾರದು. ಹಾಗಾಗಿ ಚಾವಣಿಯ ಹೊಗೆ ಅಲಾರಮ್ಮಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದಾರೆ.

"ಇವತ್ತು ಇಪ್ಪತ್ತಾರನೇ ದಿನ. ಆರೂವರೆಗೆ ನನ್ನ ಕರ್ಕೊಂಡು ಹೋಗೋಕೆ ಏಜೆನ್ಸಿ ಕಾರು ಬರುತ್ತೆ," ಎನ್ನುತ್ತಾರೆ ಕಷಾಯವನ್ನು ಫ್ಲಾಸ್ಕಿಗೆ ಸೋಸುತ್ತ. "ನಾನು ಹೋಗಲ್ಲ."

ಅವರ ಇಂಗ್ಲಿಷ್ ತುಂಡು ತುಂಡು. ಮಾತು ಮಾತ್ರ ಇಡಿಯಾಗಿಯೇ ಇದೆ.

ಸೌಲಾನ್ ಅವರಿಗೆ ಐವತ್ತೆಂಟು ವರ್ಷ. ಹುಟ್ಟಿದ್ದು ದಕ್ಷಿಣ ಚೀನಾದ ತೈಶಾನಿನಲ್ಲಿ, ಇರುವುದು ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ, ಹತ್ತಡಿ ಎಂಟಡಿಯ ಕೋಣೆಯಲ್ಲಿ. ಆ ಮಹಡಿಯ ಹದಿನಾಲ್ಕು ಕೋಣೆಗಳಿಗೆ ಅಡುಗೆಮನೆ ಒಂದೇ. ವರ್ಷದಲ್ಲಿ ಒಂಬತ್ತು ತಿಂಗಳು ಆ ಕೋಣೆಗೆ ಬೀಗ. ಅವರು ಬೇರೆಯವರ ಮನೆಯಲ್ಲಿ ಬಾಣಂತನ ಮಾಡುತ್ತಿರುತ್ತಾರೆ. ಹೆತ್ತವಳು ಮನೆ ಬಿಟ್ಟು ಹೊರಬಾರದೆ, ತಣ್ಣೀರು ಮುಟ್ಟದೆ, ಬಿಸಿಯದನ್ನೇ ಉಂಡು ಮಲಗುವ ಮೂವತ್ತು ದಿನಗಳಿಗೆ ಚೀನೀಯರು 'ತಿಂಗಳು ಕೂರುವುದು' ಎನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಸೌಲಾನ್ ನೂರ ಎಂಬತ್ತೇಳು ತಾಯಂದಿರನ್ನು ಹೀಗೆ ಕೂರಿಸಿದ್ದಾರೆ. ಮೊದಲೆಲ್ಲ ಚೀನೀ ಮನೆಗಳೇ. ಈಚೆಗೆ ಬೆಂಗಳೂರು, ಮೈಸೂರು, ಉಡುಪಿಯ ಹೆಣ್ಣುಮಕ್ಕಳೂ ಕರೆಯುತ್ತಿದ್ದಾರೆ.

ಈ ಮನೆಯ ಬಾಣಂತಿ ಸೌದಾಮಿನಿ ಉಡುಪಿಯವರು, ಮೌಂಟನ್ ವ್ಯೂನಲ್ಲಿ ಎಂಜಿನಿಯರು. "ಅಮ್ಮನಿಗೆ ವೀಸಾ ಇಂಟರ್‌ವ್ಯೂ ಡೇಟ್ ಸಿಕ್ಕಿರೋದೇ ಮಗುವಿಗೆ ಮೂರು ತಿಂಗಳು ತುಂಬಿದ ಮೇಲಿಂದು. ನಾನು ಎಂತ ಮಾಡೋದು ಹೇಳಿ? ವಿಡಿಯೋ ನೋಡ್ಕೊಂಡು ನನ್ನ ಬಾಣಂತನ ನಾನೇ ಮಾಡ್ಕೊಳ್ಳೋದಾ?" ಎನ್ನುತ್ತಾರೆ. ಹೆರಿಗೆಯಾದ ಅರ್ಧ ಗಂಟೆಗೆ ಆಸ್ಪತ್ರೆಯ ನರ್ಸು ವಾಡಿಕೆಯಂತೆ ದೊಡ್ಡ ಲೋಟದ ತುಂಬ ಐಸು ತುಂಬಿದ ನೀರು ತಂದಿಟ್ಟರಂತೆ. "ಆಸ್ಪತ್ರೆಗೂ ಜೊತೆಗೆ ಬಂದಿದ್ದ ಸೌಲಾನ್ ಆಂಟಿ ಲೋಟ ತಗೊಂಡ್ರು, ಸಿಂಕಿಗೆ ಚೆಲ್ಲಿದ್ರು, ಫ್ಲಾಸ್ಕಿಂದ ಬಿಸಿ ಕಷಾಯ ಹಾಕಿ ನನ್ನ ಕೈಗೆ ಕೊಟ್ರು. ಆ ನರ್ಸು ಬಾಯಿ ಬಿಟ್ಕೊಂಡು ನಿಂತಿದ್ರು!"

ಮೊದಲ ವಾರ ಈ ಮನೆಯಲ್ಲಿ ಯುದ್ಧವೇ ನಡೆದಿದೆ. ಹೆತ್ತವಳಿಗೆ ಕರಿ ವಿನೆಗರು, ಶುಂಠಿಯಲ್ಲಿ ಬೇಯಿಸಿದ ಹಂದಿಕಾಲು ಕೊಡಬೇಕೆನ್ನುವುದು ಸೌಲಾನ್ ಅವರ ಕಟ್ಟಳೆ. ಸೌದಾಮಿನಿ ಮೊಟ್ಟೆಯಿಂದ ಮುಂದಕ್ಕೆ ಹೋದವರಲ್ಲ. "ಮಾಂಸ ಇಲ್ಲದೆ ರಕ್ತ ಎಲ್ಲಿಂದ ಬರುತ್ತೆ?" ಎಂದು ಮೂರು ದಿನ ಗೊಣಗಿದ ಸೌಲಾನ್, ನಾಲ್ಕನೆಯ ದಿನ ಅದೇ ವಿನೆಗರಿನಲ್ಲಿ ನೆಲಗಡಲೆ, ಅಣಬೆ, ಮೊಟ್ಟೆ ಬೇಯಿಸಿದರು. ತಲೆಸ್ನಾನದ ಜಗಳ ಇನ್ನೂ ದೊಡ್ಡದು. ಚೀನೀ ಪದ್ಧತಿಯಲ್ಲಿ ಬಾಣಂತಿ ತಲೆಗೆ ನೀರು ಹಾಕುವಂತಿಲ್ಲ. ಉಡುಪಿಯ ಅಮ್ಮ ಬಿಡಬೇಕಲ್ಲ? ವಿಡಿಯೋ ಕಾಲಿನಲ್ಲಿ ಕೂಗು: "ಎಣ್ಣೆ ನೀರು ಹಾಕದೆ ಎಂತ ಬಾಣಂತನ ಮಾರಾಯ್ತಿ? ಹೇಳು ಅವಳಿಗೆ!" ಸೌಲಾನ್ ಫೋನಿನ ಮುಂದೆ ಮುಖ ತಂದು ಅಚ್ಚ ಕನ್ನಡದಲ್ಲಿ, "ಬೇಡ!" ಎಂದರು. ಅಮ್ಮ ದಂಗಾದರು: "ಇವಳಿಗೆ ಕನ್ನಡ ಬರ್ತದಾ?" ಬರುವುದು ಮೂರೇ ಪದ: ಬಿಸಿ, ಸಾಕು, ಬೇಡ. ಕೊನೆಗೆ ಹನ್ನೆರಡನೆಯ ದಿನ ಶುಂಠಿಸಿಪ್ಪೆ ಕುದಿಸಿದ ನೀರಿನಲ್ಲಿ ತಲೆಸ್ನಾನವಾಯಿತು. ಸೌಲಾನ್ ತಾವೇ ಕೂದಲ ಎಳೆ ಎಳೆ ಒಣಗಿಸಿದರು. ಉಡುಪಿಯಲ್ಲಿ ಕೂತ ಅಮ್ಮ, "ಆಗಬಹುದು, ಹೆಂಗಸು ಗಟ್ಟಿ ಉಂಟು," ಎಂದು ಒಪ್ಪಿದರು.

ಹೀಗೆ ಎಲ್ಲವನ್ನೂ ಬಗ್ಗಿಸುವ ಸೌಲಾನ್ ಬಗ್ಗಿಸದಿರುವುದು ಒಂದೇ. ಮೂವತ್ತು.

ಬಾಣಂತನಕ್ಕೆ ಹೆಂಗಸರನ್ನು ಮನೆಮನೆಗೆ ಕಳಿಸುವ ಏಜೆನ್ಸಿಯ ಕರಾರಿನಲ್ಲಿ ತಿಂಗಳೆಂದರೆ ಇಪ್ಪತ್ತಾರು ದಿನ. ಪ್ರತಿ ತಾಯಿಯಿಂದ ನಾಲ್ಕು ದಿನ ಕತ್ತರಿಸಿದರೆ, ವರ್ಷದ ಕೊನೆಗೆ ಅದೇ ಹೆಂಗಸನ್ನು ಇನ್ನೊಂದು ಮನೆಗೆ ಅಟ್ಟಬಹುದು. ಇಪ್ಪತ್ತಾರನೆಯ ಬೆಳಿಗ್ಗೆ ಕಾರು ಬರುತ್ತದೆ, ಮಧ್ಯಾಹ್ನಕ್ಕೆ ಮುಂದಿನ ಮನೆಯಲ್ಲಿ ಒಲೆ ಹಚ್ಚಬೇಕು. ಹೋಗದಿದ್ದವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಸೌಲಾನ್ ಅವರ ಹೆಸರನ್ನು ಈಗಾಗಲೇ ಎರಡು ಏಜೆನ್ಸಿಗಳು ಹೊಡೆದುಹಾಕಿವೆ. ಉಳಿದಿರುವುದು ಈ ಮೂರನೆಯದು.

ದಿನಕ್ಕೆ ಆರು ಹೊತ್ತು ಊಟ, ಎರಡು ಫ್ಲಾಸ್ಕು ಕಷಾಯ, ಮಗುವಿನ ಬಟ್ಟೆ, ಬಾಣಂತಿಯ ಹೊಟ್ಟೆಗೆ ಹನ್ನೆರಡು ಮೊಳದ ಬಟ್ಟೆ ಸುತ್ತುವುದು, ಬಿಚ್ಚುವುದು. ನಿದ್ದೆ ನಾಲ್ಕು ಗಂಟೆ, ಅದೂ ಚೂರು ಚೂರು. ಇಷ್ಟರ ಮೇಲೆ ಕೆಲವು ಮನೆಗಳಲ್ಲಿ ನೆಲ ಒರೆಸಿ ಅನ್ನುತ್ತಾರೆ, ಬಂದ ನೆಂಟರಿಗೂ ಬೇಯಿಸಿ ಅನ್ನುತ್ತಾರೆ. ನಮ್ಮವರೇನೂ ಕಡಿಮೆಯಿಲ್ಲ. ಒಂದು ಕನ್ನಡದ ಮನೆಯಲ್ಲಿ ನಾಮಕರಣಕ್ಕೆ ಬಂದ ನಲವತ್ತು ಜನರ ತಟ್ಟೆ ತೊಳೆಸಿದ್ದಾರೆ. ಬಾಣಂತನ ನಮ್ಮ ಸಂಸ್ಕೃತಿ ಎಂದು ಎದೆ ತಟ್ಟಿಕೊಳ್ಳುವ ನಾವು, ಅದನ್ನು ಮಾಡುವ ಕೈ ಯಾರದು ಎಂದು ಎಂದಾದರೂ ಕೇಳಿದ್ದೇವೆಯೇ?

ಚೀನೀ ಹೊಸವರ್ಷಕ್ಕೆ ಇಲ್ಲಿನ ದೊಡ್ಡ ಕಂಪನಿಗಳ ಕ್ಯಾಂಟೀನುಗಳಲ್ಲಿ ಕೆಂಪು ದೀಪ ತೂಗುತ್ತವೆ, ಸಿಂಹದ ಕುಣಿತವಾಗುತ್ತದೆ, ಎಲ್ಲರೂ ಫೋಟೋ ಹಿಡಿಯುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯುವ ಸಂಸ್ಕೃತಿ ಎಲ್ಲರಿಗೂ ಪ್ರಿಯ. ಹೆತ್ತವಳಿಗೆ ಮೂವತ್ತು ದಿನ ಬಿಡುವು ಕೊಡಿ ಎನ್ನುವ ಸಂಸ್ಕೃತಿಗೆ ಯಾವ ಕಂಪನಿ ದೀಪ ಕಟ್ಟುತ್ತದೆ? ಇಪ್ಪತ್ತೆರಡನೆಯ ದಿನ ಸೌದಾಮಿನಿಯ ಮ್ಯಾನೇಜರು ರಜೆಯಲ್ಲಿದ್ದ ಅವರನ್ನು "ಬರೀ ಹತ್ತು ನಿಮಿಷದ ಮೀಟಿಂಗು" ಎಂದು ಕರೆದಾಗ ಸೌಲಾನ್ ಲ್ಯಾಪ್‌ಟಾಪ್ ಮುಚ್ಚಿ ಬಟ್ಟೆಗಳ ಅಡಿಗೆ ತಳ್ಳಿದರು. "ಆ ಮೀಟಿಂಗಲ್ಲಿ ಯಾರಾದ್ರೂ ಹೆತ್ತಿದಾರಾ? ಇಲ್ವಾ? ಹಾಗಾದ್ರೆ ಅವರೇ ಮಾತಾಡ್ಕೊಳ್ಳಲಿ."

ಗಂಡ ಉಲ್ಲಾಸ್ ಮೆದು ಮನುಷ್ಯ, ಆದರೂ ಎಂಜಿನಿಯರು. ಒಂದು ದಿನ ತಡೆಯಲಾರದೆ ಕೇಳಿದರಂತೆ: "ಆಂಟಿ, ಮೂವತ್ತು ದಿನವೇ ಯಾಕೆ? ಇದಕ್ಕೆ ಸೈನ್ಸು ಏನಾದ್ರೂ ಇದೆಯಾ?"

ಆ ಪ್ರಶ್ನೆಗೆ ಸೌಲಾನ್ ಕೊಟ್ಟ ಉತ್ತರವೇ ಅವರ ಜೀವನಚರಿತ್ರೆ. ಮೂವತ್ತೆರಡು ವರ್ಷಗಳ ಹಿಂದೆ ಅವರು ಚೈನಾಟೌನಿನ ಗಾರ್ಮೆಂಟ್ಸಿನಲ್ಲಿ ಜೀನ್ಸಿಗೆ ಜಿಪ್ಪು ಹೊಲಿಯುತ್ತಿದ್ದರು. ಗಂಡ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ತಾಯಿ, ಅತ್ತೆ ಇಬ್ಬರೂ ಸಮುದ್ರದಾಚೆ. ಮಗಳು ಹುಟ್ಟಿದ ಒಂಬತ್ತನೆಯ ದಿನ, ಬರದಿದ್ದರೆ ಮೆಷಿನ್ನು ಬೇರೆಯವರಿಗೆ ಎಂದು ಮೇಸ್ತ್ರಿ ಹೇಳಿ ಕಳುಹಿಸಿದ. ಹೋದರು. ಕುರ್ಚಿಯ ಮೇಲೆ ಟವೆಲು ಮಡಚಿ ಹಾಕಿಕೊಂಡು ಹತ್ತು ತಾಸು ಹೊಲಿದರು. ಹಾಲು ಬಟ್ಟೆಗಿಳಿಯಿತು. ಇಂದಿಗೂ ಚಳಿಗಾಲದಲ್ಲಿ ಅವರ ಮಣಿಕಟ್ಟು ತಿರುಗುವುದಿಲ್ಲ.

"ಒಂಬತ್ತನೇ ದಿನ ಮೆಷಿನ್ ತುಳಿಸಿದ್ರಲ್ಲಪ್ಪ," ಎಂದರಂತೆ ಉಲ್ಲಾಸ್‌ಗೆ, "ಅದು ಯಾವ ಸೈನ್ಸು?"

ಆರೂಕಾಲಿಗೆ ಬಾಗಿಲು ತಟ್ಟುವ ಸದ್ದು. ಕಾರಿನವನಲ್ಲ. ಚೈನಾಟೌನಿನಲ್ಲಿ ಸೌಲಾನ್ ಅವರ ಪಕ್ಕದ ಕೋಣೆಯ ಆಹಿಂಗ್, ಬೆಳಗಿನ ಮೊದಲ ರೈಲು ಹಿಡಿದು ಬಂದಿದ್ದಾರೆ. ಕೈಯಲ್ಲೊಂದು ಚೀಲ. ಅವರದೂ ಇದೇ ಕಸುಬು. ಮಹಡಿಯ ಏಳು ಹೆಂಗಸರು ಸೇರಿ ಈ ವರ್ಷ ಕಂಡುಕೊಂಡ ಉಪಾಯವಿದು: ಒಬ್ಬರ ಮೂವತ್ತು ತುಂಬುವವರೆಗೆ ಬಿಡುವಿರುವ ಇನ್ನೊಬ್ಬರು ಮುಂದಿನ ಮನೆ ಹಿಡಿದುಕೊಳ್ಳುವುದು.

"ಮೌಂಟನ್ ವ್ಯೂನ ಮುಂದಿನ ಮನೆಯಲ್ಲಿ ಕಾಯ್ತಿರೋಳೂ ಹೆತ್ತವಳೇ," ಎನ್ನುತ್ತಾರೆ ಸೌಲಾನ್. "ಅವಳನ್ನ ಒಂದು ಗಂಟೆಯೂ ಒಂಟಿ ಬಿಡಲ್ಲ. ಇವಳನ್ನೂ ಬಿಡಲ್ಲ."

ಆರೂವರೆಗೆ ಕಾರು ಬರುತ್ತದೆ. ಆಹಿಂಗ್ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುತ್ತಾರೆ. ಡ್ರೈವರು ಪಟ್ಟಿಯಲ್ಲಿರುವ ಫೋಟೋ ನೋಡುತ್ತಾನೆ, ಕನ್ನಡಿಯಲ್ಲಿ ಮುಖ ನೋಡುತ್ತಾನೆ, ತಲೆ ಕೆರೆದು ಹೊರಡುತ್ತಾನೆ. ಅವನಿಂದ ವಿಷಯ ತಿಳಿದು ಐದು ನಿಮಿಷಕ್ಕೆ ಏಜೆನ್ಸಿಯ ಯಜಮಾನಿ ಸೌದಾಮಿನಿಗೇ ಫೋನ್ ಮಾಡುತ್ತಾರೆ. ಸ್ಪೀಕರಿನಲ್ಲಿ ಧ್ವನಿ ಮನೆಯೆಲ್ಲ ಕೇಳುತ್ತದೆ.

"ಮೇಡಂ, ನಿಮ್ಮ ಕರಾರು ಮುಗೀತು. ಆಕೆನ ಕಳಿಸಿ."

"ನನ್ನ ತಿಂಗಳು ಮುಗಿದಿಲ್ಲ ಮೇಡಂ," ಎನ್ನುತ್ತಾರೆ ಸೌದಾಮಿನಿ. "ಇಪ್ಪತ್ತಾರಕ್ಕೆ ಯಾವ ಊರಲ್ಲಿ ತಿಂಗಳಾಗ್ತದೆ? ಕ್ಯಾಲೆಂಡರ್ ಇಲ್ವಾ ನಿಮ್ಮ ಆಫೀಸಲ್ಲಿ?"

"ಆಕೆಗೆ ಹೇಳಿ, ಇವತ್ತೇ ಹೆಸರು ತೆಗೀತೀನಿ. ಕಾರಲ್ಲಿರೋಳದ್ದೂ."

ಸೌಲಾನ್ ಫೋನಿನ ಹತ್ತಿರ ಬಗ್ಗುತ್ತಾರೆ. "ಏಳು ಜನದ್ದೂ ತೆಗೀಬೇಕಾಗುತ್ತೆ. ಆಮೇಲೆ ಮನೆಗಳಿಗೆ ನೀವೇ ಹೋಗಿ ಅಕ್ಕಿ ಹುರೀರಿ."

ಕರೆ ಕಟ್ಟಾಗುತ್ತದೆ. ಏಳು ಜನರ ಮಾತು ಏಜೆನ್ಸಿಯನ್ನು ಬಗ್ಗಿಸುತ್ತದೆಯೋ ಇಲ್ಲವೋ, ಈ ಬೆಳಿಗ್ಗೆ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ನಿಮಿಷದಲ್ಲಿ ಸೌಲಾನ್ ಅವರ ಫೋನು ಸಣ್ಣಗೆ ಸದ್ದು ಮಾಡುತ್ತದೆ. ಕನ್ನಡಕ ಏರಿಸಿ ಓದುತ್ತಾರೆ. ಮೂರನೆಯ ಪಟ್ಟಿಯಿಂದಲೂ ಹೆಸರು ಹೋಗಿದೆ. ಸೌದಾಮಿನಿಯ ಕಣ್ಣು ತುಂಬುತ್ತದೆ.

"ಅಳಬೇಡ, ಬಾಣಂತಿ ಅತ್ತರೆ ಕಣ್ಣು ಹಾಳು," ಎಂದು ಗದರುತ್ತಾರೆ ಸೌಲಾನ್. ಮುಂದೇನು ಎಂದು ಕೇಳಿದರೆ ಭುಜ ಹಾರಿಸುತ್ತಾರೆ. ಚೀನೀ ಗ್ರೋಸರಿ ಅಂಗಡಿಯ ಹಲಗೆಗೆ ನಂಬರ್ ಬರೆದ ಚೀಟಿ ಅಂಟಿಸುವುದು, ಆರು ಗೆಳತಿಯರನ್ನು ಕೇಳುವುದು. ಆಸೆ ಏನಾದರೂ ಇದೆಯೇ? "ನನ್ನ ಕೋಣೆಯಲ್ಲೂ ಒಂದು ತಿಂಗಳು ಮಲಗಬೇಕು. ಯಾರಾದ್ರೂ ಆರು ಹೊತ್ತು ಬಿಸಿ ಊಟ ತಂದುಕೊಡಬೇಕು." ತಮ್ಮ ಮಾತಿಗೆ ತಾವೇ ನಗುತ್ತಾರೆ. ಆಮೇಲೆ ಒಳಕೋಣೆಗೆ ಹೋಗಿ, ಸೌದಾಮಿನಿಯ ಸೊಂಟಕ್ಕೆ ಬಟ್ಟೆಯ ಮೊದಲ ಸುತ್ತು ಬಿಗಿಯುತ್ತಾರೆ.

"ನೂರ ಎಂಬತ್ತೇಳು ಜನಕ್ಕೂ ಮೂವತ್ತು ದಿನ ತುಂಬಿಸಿದೀನಿ," ಎನ್ನುತ್ತಾರೆ ಎರಡನೆಯ ಸುತ್ತು ಎಳೆಯುತ್ತ. "ನೂರ ಎಂಬತ್ತೆಂಟನೇ ಇವಳಿಗೆ ಯಾಕೆ ಕಡಿಮೆ ಮಾಡಲಿ?"