ತಗ್ಗಿನ ಪಾಲು

ಹಾಲುಬಾಯಿಯನ್ನು ತಟ್ಟೆಗೆ ಸುರಿದು, ಆರಿದ ಮೇಲೆ ಚೂರಿಯಿಂದ ಗೆರೆ ಎಳೆದು ತುಂಡು ಮಾಡುವುದನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ವಾರಿಜಕ್ಕ ಆ ಕೆಲಸದಲ್ಲಿ ಎತ್ತಿದ ಕೈ. ಕೋಲ್ಕತ್ತದ ಸದರ್ನ್ ಅವೆನ್ಯೂವಿನ ಅವರ ಮನೆಯಲ್ಲಿ, ಚೈತ್ರದ ಒಂದು ಭಾನುವಾರ, ಆಕೆ ಉದ್ದಕ್ಕೊಂದು, ಅಡ್ಡಕ್ಕೆ ಮೂರು ಗೆರೆ ಎಳೆದು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದ ಎಂಟು ಪಾಲು ಮಾಡಿ, "ನೋಡಿ, ನಮ್ಮ ಜಾಗವೂ ಹೀಗೇ" ಎಂದರು. ನಾವೆಲ್ಲ ನಕ್ಕು ಒಂದೊಂದು ಪಾಲನ್ನು ಬಾಯಿಗೆ ಹಾಕಿಕೊಂಡೆವು. ಹಾಲುಬಾಯಿಗೆ ತಗ್ಗು ಉಬ್ಬುಗಳಿರುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಎಂಟು ಪಾಲು ಎಂದೆನಲ್ಲ, ಸರಿಯಾಗಿ ಹೇಳುವುದಾದರೆ ಏಳು ಸಂಸಾರ ಮತ್ತು ನಾನು. ಬ್ಯಾಂಕು, ರೈಲ್ವೆ, ಕೇಂದ್ರ ಸರ್ಕಾರದ ಕಚೇರಿಗಳೆಂದು ಅನ್ನದ ಋಣ ಎಳೆದು ತಂದ ಕನ್ನಡದವರು ನಾವು. ಉಡುಪಿಯ ಕಡೆಯವರು ಮೂವರು, ಉಳಿದವರು ಧಾರವಾಡ, ಮೈಸೂರು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಮದುವೆಯಾಗದ ನನಗೆ ಆ ಇಂಗ್ಲಿಷ್ ಉತ್ತರವೂ ಇಲ್ಲ. ಲೇಕ್ ಗಾರ್ಡನ್ಸಿನ ನನ್ನ ಬಾಡಿಗೆ ಮನೆಯಲ್ಲಿ, ಕುಕ್ಕರಿಗೆ ಬೈದ ದಿನ ಬಿಟ್ಟರೆ, ಕನ್ನಡ ಕಿವಿಗೆ ಬೀಳುವುದು ನಾವೆಲ್ಲ ಸೇರುವ ಭಾನುವಾರ ಮಾತ್ರ.

ಊರಿಡೀ ನೆಲದ ಹುಚ್ಚು ಹಿಡಿದಿದ್ದ ವರ್ಷಗಳವು. ನಗರದ ಪೂರ್ವಕ್ಕೆ, ಮೊನ್ನೆಯವರೆಗೆ ಬೆಳ್ಳಕ್ಕಿ ಕೂತಿದ್ದಲ್ಲಿ ಗಾಜಿನ ಕಟ್ಟಡಗಳೆದ್ದು, ಕಂಪ್ಯೂಟರ್ ಕಂಪನಿಗಳ ಬಸ್ಸುಗಳು ನಿಲ್ಲತೊಡಗಿದ್ದವು. ಗರಿಯಾಹಾಟ್‌ನ ಸೀರೆ ಅಂಗಡಿಯವನೂ ಸೀರೆ ಬಿಚ್ಚುವ ಮೊದಲು ಸೈಟಿನ ಮಾತು ಬಿಚ್ಚುತ್ತಿದ್ದ. ನಮಗೂ ಆ ಗಾಳಿ ತಾಗಿತು, ನಿಜ. ಆದರೆ ನಮ್ಮ ಆಸೆ ಬೇರೆಯದಿತ್ತು. ನಿವೃತ್ತಿಯ ಮೇಲೆ ಎಂಟು ಮನೆಗಳೂ ಗೋಡೆಗೆ ಗೋಡೆ ತಾಗಿದಂತಿದ್ದು, ಈ ಅಡುಗೆಮನೆಯ ಒಗ್ಗರಣೆಗೆ ಆ ಅಡುಗೆಮನೆಯವರು ಸೀನಿ, "ಎಂತ ಸಾರು ಇವತ್ತು?" ಎಂದು ಕೇಳುವಂತಿರಬೇಕು! ಉಳಿದವರಿಗೆ ಅದು ಹಿತವಾದ ಯೋಜನೆ. ನನಗಾದರೋ ಮುಪ್ಪಿಗೆ ಉಳಿದಿದ್ದ ಒಂದೇ ಆಸರೆ.

ಸೋನಾರ್‌ಪುರದಿಂದಾಚೆ ಹರೇನ್ ಎಂಬ ರೈತ ತನ್ನ ಜಮೀನಿನ ಒಂದು ಭಾಗವನ್ನು ಮಾರಲು ಒಪ್ಪಿದ. ಹಾಲುಬಾಯಿ ತಿಂದ ಮರುವಾರ ನಾವು ನೋಡಲು ಹೋದಾಗ ಕೊಯ್ಲು ಮುಗಿದು ನೆಲ ಬಿರಿದಿತ್ತು. ಚೀಟಿ ಎತ್ತಿದಾಗ ನನಗೆ ಬಂದದ್ದು ಎಂಟನೆಯ ಪಾಲು, ಕಟ್ಟಕಡೆಯದು. ಅಲ್ಲಿ ಕೊಯ್ದು ಬಿಟ್ಟ ಜೊಂಡಿನ ಬುಡಗಳಿದ್ದವು, ಬಿಳಿಚಿದ ಬಸವನಹುಳುವಿನ ಚಿಪ್ಪುಗಳು ಕಾಲಡಿ ಪುಡಿಯಾದವು. ನಾನು ಬೇಸಾಯದ ಮನೆಯ ಮಗಳು. ನಮ್ಮೂರಲ್ಲಿ ಗದ್ದೆಗೆ ಮೂರು ಅಂತಸ್ತು: ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಬೈಲಿನಲ್ಲಿ ಬೆಳೆಯುತ್ತಾರೆ, ಮನೆ ಕಟ್ಟುವುದಿಲ್ಲ. ಅದು ನೀರಿನ ಜಾಗ, ಕಪ್ಪೆ ಏಡಿ ಕೊಕ್ಕರೆಗಳ ಜಾಗ, ಮನುಷ್ಯ ಅಲ್ಲಿ ಬಿತ್ತಿ ಕೊಯ್ದು ಸಂಜೆಗೆ ಮೇಲೆ ಹತ್ತಿ ಬರಬೇಕಾದವನು. ಆ ಚಿಪ್ಪುಗಳನ್ನು ಕಂಡ ಕ್ಷಣವೇ ಇದು ಬೈಲು ಎಂದು ನನಗೆ ತಿಳಿಯಿತು. ತಿಳಿದೂ ಬಾಯಿಗೆ ಬೀಗ ಹಾಕಿಕೊಂಡೆ. ನಾನು ಒಂದು ಮಾತು ಎತ್ತಿದರೆ ಜಾಗ ಬೇಡವೆಂದಾಗಿ, ಎಲ್ಲರೂ ಅತ್ತಿತ್ತ ಚದುರಿ, ಮತ್ತೆ ಕುಕ್ಕರೊಂದೇ ನನಗೆ ಗತಿಯಾದೀತೆಂದು ಹೆದರಿದ್ದೆ. ನನ್ನ ಆ ಮೌನವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಅವರವರ ಹೆಸರಿಗೆ ಪತ್ರವೂ ಆಯಿತು. ಶ್ರಾವಣದಲ್ಲಿ ಗಡಿಕಲ್ಲು ನೆಡಲು ಹೋದರೆ ಎಂಟನೆಯ ಪಾಲು ಕಾಣಲೇ ಇಲ್ಲ. ತುಂಬಿ ನಿಂತ ನೀರು, ಆಳೆತ್ತರದ ಜೊಂಡು. ಮೈಸೂರಿನವರೊಬ್ಬರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದರು, ತಪ್ಪು ಕಾಗದದ್ದೇ ಇರಬೇಕೆಂಬಂತೆ. ಹರೇನ್ ಮಾತ್ರ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಕೆಸರಿನಲ್ಲಿ ಮೂಡಿದ್ದ ಹೆಜ್ಜೆಗಳನ್ನು ನನಗೆ ತೋರಿಸಿದ. ನಾಯಿಯದ್ದಕ್ಕಿಂತ ದುಂಡಗಿದ್ದವು.

"ಬಾಘರೋಲ್, ದೀದಿ," ಎಂದ ಬಂಗಾಳಿಯಲ್ಲಿ. ಮೀನು ಹಿಡಿದು ತಿನ್ನುವ ಕಾಡುಬೆಕ್ಕು ಅದು. "ಪೂರ್ವದ ಕಡೆ ಕೆರೆಗಳನ್ನು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದೆ. ನನ್ನ ಗದ್ದೆಯ ಇಲಿಯನ್ನೂ ತಿನ್ನುತ್ತದೆ, ಇರಲಿ ಅಂತ ಬಿಟ್ಟಿದ್ದೇನೆ. ನೀವು ಇದಕ್ಕೆ ಮಣ್ಣು ತುಂಬಿದರೆ ಅದು ಹೋಗುತ್ತದೆ, ಇಲ್ಲಿ ನಿಲ್ಲುವ ನೀರು ನನ್ನ ಉಳಿದ ಗದ್ದೆಗೆ ನುಗ್ಗುತ್ತದೆ. ಎಂಟು ಮನೆಯನ್ನೂ ರಸ್ತೆ ಪಕ್ಕದ ಎತ್ತರದಲ್ಲಿ ಒತ್ತಾಗಿ ಕಟ್ಟಿಕೊಳ್ಳಿ. ಕೆಳಗಿನದ್ದನ್ನು ತುಂಡು ಮಾಡಬೇಡಿ, ಒಂದೇ ಗದ್ದೆಯಾಗಿರಲಿ. ನಾನು ಉಳುತ್ತೇನೆ, ನೀವು ಅಕ್ಕಿ ತಿನ್ನಿ."

ಎಷ್ಟು ಸರಳವಾದ ಮಾತು! ಮುಂದಿನ ಭಾನುವಾರ ಅದನ್ನೇ ನಾನು ಸಭೆಯಲ್ಲಿಟ್ಟೆ. ವಾರಿಜಕ್ಕನ ಯಜಮಾನರು ರಾಘಣ್ಣ ಪೆನ್ಸಿಲ್ ಹಿಡಿದು ಬರೆದೂ ನೋಡಿದರು. ಆದರೆ ಬೇರೆಯವರ ಮನೆಗೆ ಜಾಗ ಬಿಡಲು ತಮ್ಮ ಪಾಲನ್ನು ಚಿಕ್ಕದು ಮಾಡಿಕೊಳ್ಳಬೇಕೆಂದಾಗ ಯಾರಿಗೂ ಮನಸ್ಸು ಬರಲಿಲ್ಲ. ಒಬ್ಬರಿಗೆ ತಮ್ಮದೇ ಕಾಂಪೌಂಡಿನೊಳಗೊಂದು ಮಾವಿನ ಗಿಡ ಬೇಕಿತ್ತು, ಇನ್ನೊಬ್ಬರಿಗೆ ಕಾರು ನಿಲ್ಲಿಸಬೇಕಿತ್ತು. ಇವು ದುರಾಸೆಗಳಲ್ಲ. ಜೀವಮಾನವಿಡೀ ಕ್ವಾರ್ಟರ್ಸಿನಲ್ಲಿ ಕಳೆದವರಿಗೆ ತಮ್ಮದೆಂಬ ನಾಲ್ಕು ಗೋಡೆಯ ಬಯಕೆ ಇದ್ದೇ ಇರುತ್ತದೆ.

ಅವರು ಕಠಿಣರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ರಾಘಣ್ಣ ಪೆನ್ಸಿಲ್ ಕೆಳಗಿಟ್ಟು, "ನಿನ್ನೊಬ್ಬಳನ್ನು ಬಿಟ್ಟು ನಾವು ಮನೆ ಕಟ್ಟುದುಂಟಾ ಮಾರಾಯ್ತಿ? ಎಲ್ಲ ಸೇರಿ ನಿನ್ನ ಪಾಲಿಗೆ ಮಣ್ಣು ಹಾಕಿಸುವ. ನೀನು ಸುಮ್ಮನೆ ಕೂತ್ಕೋ" ಎಂದರು. ಏಳೂ ಮನೆಯವರು ಹೂಂಗುಟ್ಟಿದರು. ಇಷ್ಟು ಪ್ರೀತಿಯನ್ನು ನಾನು ಒಟ್ಟಿಗೆ ಕಂಡದ್ದು ಅದೇ ಮೊದಲು. ಆ ಪ್ರೀತಿ ಲಾರಿ ಲಾರಿ ಮಣ್ಣಾಗಿ ಆ ನೀರಿನ ಮೇಲೆ ಬೀಳಲಿತ್ತು.

"ಬೇಡ," ಎಂದೆ.

"ಬೇಡ ಅಂದ್ರೆ? ಮನೆ?"

"ನಾನು ಕಟ್ಟುದಿಲ್ಲ ರಾಘಣ್ಣ. ಅದು ಹಾಗೇ ಇರ್ಲಿ."

"ಒಂದು ಬೆಕ್ಕಿಗಾಗಿ ನಮ್ಮನ್ನು ಬಿಡ್ತಿಯಾ?" ಎಂದರು ವಾರಿಜಕ್ಕ. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರಲ್ಲ, ಆ ದಿನ ಎಡವಟ್ಟು ನಾನೇ. ನನ್ನೊಳಗೆ ಆದರ್ಶವೇನೂ ಉಕ್ಕುತ್ತಿರಲಿಲ್ಲ, ಸ್ವಾಮಿ. ಚೈತ್ರದಲ್ಲಿ ಸುಮ್ಮನಿದ್ದವಳು ಶ್ರಾವಣದಲ್ಲೂ ಸುಮ್ಮನಿದ್ದರೆ ತಪ್ಪು ಎರಡಾಗುತ್ತದೆಂಬ ನಾಚಿಕೆ ಇತ್ತು, ಅಷ್ಟೇ.

ಈಗ ಅಲ್ಲಿ ಏಳು ಮನೆಗಳಿವೆ. ತಿಂಗಳಿಗೊಮ್ಮೆ ಬಾಲಿಗಂಜ್‌ನಲ್ಲಿ ರೈಲು ಬದಲಿಸಿ ಹೋಗುತ್ತೇನೆ. ಗೋಡೆಗಳ ಮೇಲಿಂದ ಕನ್ನಡ ಆಚೀಚೆ ಹಾರುತ್ತಿರುತ್ತದೆ. ಅತಿಥಿಯಾದ ನನಗೆ ಒಳ್ಳೆಯ ತಟ್ಟೆಯಲ್ಲಿ ಊಟ ಬಡಿಸುತ್ತಾರೆ. ಒಳ್ಳೆಯ ತಟ್ಟೆ ಹೊರಗಿನವರಿಗಲ್ಲವೇ? ಉಂಡು ನನ್ನ ಪಾಲಿನ ಬದುವಿನ ಮೇಲೆ ನಿಲ್ಲುತ್ತೇನೆ. ಆಚೆಗೆ ಹರೇನನ ಭತ್ತ ಹಸಿರಾಗಿರುತ್ತದೆ, ಈಚೆಗೆ ಜೊಂಡು, ಒಂದೆರಡು ಮಿಂಚುಳ್ಳಿ. ಬಾಘರೋಲನ್ನು ನಾನು ಒಮ್ಮೆಯೂ ಕಂಡಿಲ್ಲ. ನನ್ನ ಹೆಜ್ಜೆಯ ಸಪ್ಪಳಕ್ಕೇ ಅದು ಓಡಿಹೋಗುತ್ತದಂತೆ. ಓಡಬೇಕಾದ್ದೇ, ಮನುಷ್ಯರನ್ನು ನಂಬುವಷ್ಟು ದಡ್ಡತನ ಅದಕ್ಕೆ ಬೇಡ. ಆದರೂ ಯಾವುದಕ್ಕಾಗಿ ಇಷ್ಟೆಲ್ಲ ಬಿಟ್ಟೆನೋ ಅದಕ್ಕೆ ನನ್ನ ಗುರುತೂ ಇಲ್ಲವೆಂದು ಒಮ್ಮೊಮ್ಮೆ ಅಳು ಬರುತ್ತದೆ.

ಹೋದ ಮಳೆಗಾಲದಲ್ಲಿ ಜ್ವರ ಬಂದು ಮೂರು ದಿನ ಮಲಗಿದ್ದೆ. ಯಾರಿಗೂ ತಿಳಿದಿರಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ವಾರಿಜಕ್ಕನ ಫೋನು ಬಂತು. ನನ್ನ ದನಿ ಕೇಳಿದ್ದೇ ಗಾಬರಿಯಾದರು. "ಗೋಡೆಯಾಚೆ ಇದ್ದಿದ್ರೆ ಒಂದು ಗಂಜಿ ಆದ್ರೂ ಕೊಡ್ತಿದ್ದೆ ಮಾರಾಯ್ತಿ," ಎಂದವರು, ಮೆಲ್ಲಗೆ, "ಈಗಲೂ ಮಣ್ಣು ಹಾಕಿಸ್ಲಿಕ್ಕೆ ಆಗ್ತದೆ. ಇವರೂ ಅದನ್ನೇ ಹೇಳುದು. ನೀನೊಂದು ಹೂಂ ಅನ್ನು, ಸಾಕು," ಎಂದರು.

ಮೊದಲ ಸಲ ಬೇಡವೆಂದಾಗ ಒಂಟಿತನವೆಂದರೆ ಏನೆಂದು ನನಗೆ ಪೂರ್ತಿ ತಿಳಿದಿರಲಿಲ್ಲ. ಈ ಸಲ ತಿಳಿದಿತ್ತು. ಮೂರು ಹಗಲು ಅದರ ಪಕ್ಕದಲ್ಲೇ ಮಲಗಿ ಎದ್ದಿದ್ದೆ. ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತೆಂದು ನಿಮ್ಮಲ್ಲಿ ಮುಚ್ಚಿಡುವುದೇಕೆ?

"ಬೇಡ ಅಕ್ಕಾ," ಎಂದೆ.

ಫೋನಿಟ್ಟು, ಗೋಡೆ ಹಿಡಿದು ಅಡುಗೆಮನೆಗೆ ನಡೆದು, ಗಂಜಿಗೆ ಅಕ್ಕಿ ಹಾಕಿದೆ. ಅಳೆಯಬೇಕಾಗಲಿಲ್ಲ. ಒಬ್ಬಳಿಗೆ ಎಷ್ಟು ಬೇಕೆಂದು ಕೈಗೆ ಗೊತ್ತಿತ್ತು.