ಹೊಸದುರ್ಗದಲ್ಲಿ ಬಿದ್ದ ಅಕ್ಕ, ತಿರುಪ್ಪೂರಿನಲ್ಲಿ ಹಿಡಿದ ಕೊಡೆ

ತಿರುಪ್ಪೂರಿಗೆ ಬಂದ ವಾರದಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮೂರ್ಛೆ ಬಂದು ಬಿದ್ದ. ಜನ ಹಿಂದೆ ಸರಿಯಲಿಲ್ಲ, ಅವನ ಹತ್ತಿರಕ್ಕೇ ಓಡಿದರು. ನನಗೆ ದಿಗಿಲಾಯಿತು. ಹೂ ಮಾರುವ ಹೆಂಗಸೊಬ್ಬಳು ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ತನ್ನ ಚೀಲ ಮಡಚಿಟ್ಟಳು. ನನ್ನ ಕೈಗೆ ಕೊಡೆ ತುರುಕಿ, "ತಂಬಿ, ಪುಡಿ" ಎಂದಳು. ತಮ್ಮಾ, ಹಿಡಿ ಎಂದು. ಅವನಿಗೆ ಎಚ್ಚರವಾಗುವವರೆಗೂ ನೆರಳು ಹಿಡಿದೆ.

ನಮ್ಮ ಕಡೆ ಇಂಥವರ ಕೈಗೆ ಬೀಗದ ಕೈ ಕೊಟ್ಟು ದೂರ ನಿಲ್ಲುತ್ತೇವೆ. ನಾನು ಅದಕ್ಕಿಂತಲೂ ದೂರ ನಿಂತವನು.

ನಮ್ಮೂರು ತಾಳ್ಯದಲ್ಲಿರುವ ನನ್ನ ಒಡಹುಟ್ಟಿದ ಗಂಗಕ್ಕನಿಗೆ ಇದೇ ಕಾಯಿಲೆ. ನನ್ನ ಮದುವೆಯ ಮಾತು ನಡೆಯುತ್ತಿದ್ದಾಗ ನನ್ನ ಜೊತೆ ಬಂದಿದ್ದ ಅಕ್ಕ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಳು. ಹೆಣ್ಣಿನ ಸೋದರಮಾವ ಅಲ್ಲೇ ಅಂಗಡಿಯಲ್ಲಿ ಎಲೆಅಡಿಕೆ ಕೊಳ್ಳುತ್ತಿದ್ದ. ಅವನು ಅಕ್ಕನನ್ನು ಅದುವರೆಗೆ ನೋಡಿರಲಿಲ್ಲ.

"ಯಾರ ಕಡೇರಿ ಈಯಮ್ಮ?" ಎಂದು ಯಾರೋ ಕೂಗಿದರು.

"ಒಬ್ಳೇ ಬಂದಂಗೈತೆ ಬಿಡ್ರಿ."

ನಾನು ಬಾಯಿ ಬಿಡಲಿಲ್ಲ. ಎಚ್ಚರವಾದ ಅಕ್ಕ ಗುಂಪಿನಲ್ಲಿ ನನ್ನನ್ನೇ ನೋಡಿದಳು, ಕರೆಯಲಿಲ್ಲ. ಸೀರೆ ಸರಿಮಾಡಿಕೊಂಡು ಒಬ್ಬಳೇ ಬಸ್ ಹತ್ತಿದಳು. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಮದುವೆ ಆಯಿತು. ಅಕ್ಕ ಬರಲಿಲ್ಲ.

ಇಲ್ಲಿ ಬನಿಯನ್ ಕಂಪನಿ ಕೆಲಸ, ಸಾಲುಮನೆಯ ಒಂದು ಕೋಣೆ. ಮುದ್ದೆ ಇಲ್ಲ, ಮೂರು ಹೊತ್ತೂ ಅಕ್ಕಿಯದೇ. ಎಸ್‌ಟಿಡಿ ಬೂತಿನಿಂದ ಊರಿನ ಅಂಗಡಿಗೆ ಫೋನ್ ಮಾಡಿದರೂ ಅಕ್ಕನನ್ನು ಕರೆಯಿರಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಒಮ್ಮೆ ಹೊಲಿಗೆ ಮಿಷನ್ನಿನ ಪಕ್ಕ ಹುಡುಗಿಯೊಬ್ಬಳು ಬಿದ್ದಾಗ ಆ ಹೂವಿನವಳು ಮಾಡಿದ್ದನ್ನೇ ಮಾಡಿದೆ. ಮುಂದಿನ ಸಲ ನಾನು ಏಳುವ ಮೊದಲೇ ಪಕ್ಕದವನು ಎದ್ದು ಓಡಿದ್ದ. ಅವನೂ ನೋಡಿಯೇ ಕಲಿತಿದ್ದ. "ನಲ್ಲ ಪಯ್ಯನ್" ಎನ್ನುತ್ತಾರೆ ನನ್ನನ್ನು, ಒಳ್ಳೆ ಹುಡುಗ ಎಂದು. ತಲೆ ತಗ್ಗಿಸುತ್ತೇನೆ. ಸಂಕೋಚದವನು ಎಂದುಕೊಳ್ಳುತ್ತಾರೆ.

ಈ ಸಲ ತಾಳ್ಯಕ್ಕೆ ಹೋದಾಗ ಅಕ್ಕನಿಗೆ ಎಲ್ಲ ಹೇಳಿದೆ. "ನೀನೂ ಅಲ್ಲಿಗೆ ಬಾರಕ್ಕ. ಬಿದ್ರೆ ನಾನೇ ನೋಡ್ಕಂತೀನಿ."

ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ನಕ್ಕಳು. "ಭಾರೀ ಡಾಕ್ಟ್ರಾಗಿ ಬಂದೀಯಲ್ಲಲೇ!" ಆಮೇಲೆ ತಲೆಯೆತ್ತದೆ ಕೇಳಿದಳು: "ನಾಡಿದ್ದು ಹೊಸದುರ್ಗದಾಗೆ ನಿನ್ ಬಾಮೈದುನನ ಮದ್ವೆ ಐತಲ್ಲ. ನನ್ನೂ ಕರ್ಕಂಡೋಗ್ತೀಯೇನಪ್ಪ?"

ಹೂಂ ಎನ್ನಲು ತಡವಾಯಿತು.

"ತಮಾಷಿಗಂದೆ, ಬಿಡೋ" ಎಂದು ಅಕ್ಕ ಸಿಪ್ಪೆ ಬಾಚಿಕೊಂಡು ಎದ್ದಳು.

ಮದುವೆಗೆ ನಾನು, ಹೆಂಡತಿ ಇಬ್ಬರೇ ಹೋಗಿಬಂದೆವು. ಈಗ ಮತ್ತೆ ತಿರುಪ್ಪೂರಿನಲ್ಲಿದ್ದೇನೆ. ಊರು ನೆನಪಾಗುತ್ತದೆ, ಹೋಗಲು ಕಾಲು ಬರುವುದಿಲ್ಲ. ಇಲ್ಲಿ ಒಳ್ಳೆಯವನಾಗಿರುವುದು ಸುಲಭ. ಇಲ್ಲಿ ನನ್ನನ್ನು ಬಲ್ಲವರಿಲ್ಲ.